ಪಟ್ಟಿಯಲ್ಲಿ ಇಲ್ಲದ ಶಬ್ದ

ಕಾರವಾರ
ರವಿವಾರ, ೨೯ ಅಕ್ಟೋಬರ್ ೨೦೦೬

ಪ್ರೀತಿಯ ಜಯಂತಿ ಅಕ್ಕನಿಗೆ,

ನಿನ್ನ ತಂಗಿ ರಂಜನಾಳ ನಮಸ್ಕಾರ. ಸತೀಶ ಭಾವನಿಗೂ ತಿಳಿಸು. ಪ್ರೇಕ್ಷಾಳ ಎರಡೂ ಕೆನ್ನೆಗೆ ಮುದ್ದು.

ದಸರೆಗೆ ಬಂದು ಅಗಸೂರಿಗೆ ಮರಳಿದ ಮೇಲೆ ನೀನು ಎರಡು ಪತ್ರ ಹಾಕಿದೆ, ಮೂರು ಸಲ ಫೋನ್ ಮಾಡಿದೆ. ನಾನು ಒಂದಕ್ಕೂ ನೆಟ್ಟಗೆ ಉತ್ತರ ಕೊಡಲಿಲ್ಲ. ಕಾಲೇಜಿನಲ್ಲಿ ಪರೀಕ್ಷೆ, ಪ್ರಬಂಧದ ಗಡಿಬಿಡಿ ಅಂತ ಸಬೂಬು ಹೇಳಿದೆ. ಸಿಟ್ಟು ಮಾಡಬೇಡ ಮಾರಾಯ್ತಿ. ಫೋನಿನಲ್ಲಿ ಮಾತಾಡೋಣವೆಂದರೆ ಆಯಿ ಪಕ್ಕದಲ್ಲೇ ಇರುತ್ತಾಳೆ. ಈಗ ಹಿತ್ತಿಲಲ್ಲಿ ಬಟ್ಟೆ ಹರಡುತ್ತಿದ್ದಾಳೆ, ಅಷ್ಟರೊಳಗೆ ಬರೆದು ಮುಗಿಸಬೇಕು.

ಸುತ್ತು ಬಳಸುವುದಿಲ್ಲ. ನಮ್ಮನ್ನು ಹೆತ್ತ ಆಯಿಗೆ ಮರೆವಿನ ರೋಗ ಶುರುವಾಗಿದೆ ಅಂತ ಜನವರಿಯಲ್ಲಿ ನಿನಗೆ ಹೇಳಿದವಳು ನಾನು. ಅವಳ ಕೈಗೆ ಕೂಸನ್ನು ಕೊಡಬೇಡ, ಎಣ್ಣೆ ಹಚ್ಚಿ ಮೀಯಿಸಲು ಬಿಡಬೇಡ, ಬಿಸಿನೀರು ತಣ್ಣೀರು ಮರೆತರೆ ಏನು ಗತಿ ಅಂತ ಹೆದರಿಸಿದವಳೂ ನಾನೇ. ಅದು ತಪ್ಪಾಗಿತ್ತು ಅಕ್ಕಾ. ಅವಸರದಲ್ಲಿ ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಿದ್ದರೆ ಸುಧಾರಿಸಿಕೋ.

ಪ್ರಬಂಧಕ್ಕಾಗಿ ನಾನು ಮಾಡುವ ನೆನಪಿನ ಪ್ರಯೋಗ ನಿನಗೆ ಗೊತ್ತಲ್ಲ. ಟೇಪಿನಲ್ಲಿ ಹನ್ನೆರಡು ಕನ್ನಡ ಶಬ್ದ ಕೇಳಿಸುವುದು, ಉಪ್ಪು, ಹಗ್ಗ, ಮಾವು, ದೋಣಿ, ಹೀಗೆ. ಮುಗಿದ ಮೇಲೆ ಎಷ್ಟು ನೆನಪಿದೆಯೋ ಅಷ್ಟು ಹೇಳಿಸುವುದು. ಇಂಥ ಐದು ಪಟ್ಟಿ. ಕೊಂಕಣಿಯವರು ಕೊಂಕಣಿಯಲ್ಲೇ ಹೇಳಬಹುದು, ನಾನು ಅದನ್ನು ಕನ್ನಡಕ್ಕೆ ತಿರುಗಿಸಿ ಕಾಗದದಲ್ಲಿ ಬರೆದುಕೊಳ್ಳಬೇಕು. ಶಬ್ದ ಬಿಟ್ಟುಹೋದರೆ ದೊಡ್ಡ ವಿಷಯವಲ್ಲ, ಎಲ್ಲರೂ ಬಿಡುತ್ತಾರೆ. ಆದರೆ ಪಟ್ಟಿಯಲ್ಲೇ ಇಲ್ಲದ ಒಂದು ಶಬ್ದವನ್ನು ಮತ್ತೆ ಮತ್ತೆ ಹೇಳಿದರೆ ಕೆಂಪು ಶಾಯಿಯಲ್ಲಿ ಗುರುತು ಹಾಕು, ಅದು ಒಳ್ಳೆಯ ಲಕ್ಷಣವಲ್ಲ ಅಂತ ನನ್ನ ಗೈಡ್ ಸರ್ ಕಲಿಸಿದ್ದರು.

ಆಯಿ ಐದು ಪಟ್ಟಿಗೂ ಬಾಳೆಹಣ್ಣು ಅಂದಿದ್ದಳು. ಐದಕ್ಕೂ. ಯಾವ ಪಟ್ಟಿಯಲ್ಲೂ ಬಾಳೆಹಣ್ಣು ಇರಲಿಲ್ಲ. ಐದು ಸಲ ಕೆಂಪು ಗುರುತು ಹಾಕಿದೆ. ಅಂದು ಸಂಜೆಯೇ ನಿನಗೆ ಫೋನ್ ಮಾಡಿದೆ. ಆ ಕಾಗದ ನೋಡಿಯೇ ಡಾಕ್ಟರು ಗುಳಿಗೆ ಬರೆದದ್ದು. ಕೂಸು ಹುಟ್ಟಿದಾಗ ಹಣಕೋಣದಿಂದ ಬಂದು ಏಳು ತಿಂಗಳು ನಿನ್ನ ಮನೆಯಲ್ಲಿ ಬಾಣಂತನ ಮಾಡಿದವಳನ್ನು ನಾನು ಕಾರವಾರಕ್ಕೆ ಕರೆದುಕೊಂಡು ಬಂದೆ, ನೋಡಿಕೊಳ್ಳುತ್ತೇನೆ ಅಂತ.

ಮೊನ್ನೆ ಬೈತಖೋಲ ಬಂದರಕ್ಕೆ ಹೋಗಿದ್ದೆ. ಮೀನಿನ ಹರಾಜು ಮುಗಿದ ಮೇಲೆ ಹೆಂಗಸರು ಬುಟ್ಟಿ ಬೋರಲು ಹಾಕಿ ಕೂತಿರುತ್ತಾರಲ್ಲ, ಆಗ ಅವರ ಪರೀಕ್ಷೆ. ಹಿಂದೆ ಅಲ್ಲಿಯೂ ಒಂಬತ್ತು ಜನರಲ್ಲಿ ಆರು ಜನ ಬಾಳೆಹಣ್ಣು ಅಂದಿದ್ದರು. ನಿಮ್ಮ ಊರಿನ ಕಾಮಿ, ಬೊಮ್ಮು ಇವರೆಲ್ಲ ಗದ್ದೆ ಕೆಲಸ ಬಿಟ್ಟು ಬಂದು ಕೂತು ಪರೀಕ್ಷೆ ಕೊಟ್ಟಿದ್ದರಲ್ಲ, ಅವರು ಒಬ್ಬರೂ ಅಂದಿರಲಿಲ್ಲ. ಬಂದರದ ಗದ್ದಲದಿಂದ ನೆನಪು ಕೆಡುತ್ತದೆ ಅಂತ ನಾನು ವರದಿಯಲ್ಲಿ ಎರಡು ಪುಟ ಗೀಚಿದ್ದೆ, ಮಹಾ ಪಂಡಿತೆಯ ಹಾಗೆ. ನೀವೆಲ್ಲ ಇದೊಂದನ್ನು ಯಾಕೆ ಸೇರಿಸಿ ಹೇಳುತ್ತೀರಿ ಅಂತ ಸುಗಂಧಾ ಅನ್ನುವ ಮೀನು ಮಾರುವವಳನ್ನು ಕೇಳಿದೆ. ಅವಳು ನನ್ನನ್ನೇ ಪೆದ್ದಿಯನ್ನು ನೋಡುವ ಹಾಗೆ ನೋಡಿದಳು.

"ನಿಮ್ಮ ಪೆಟ್ಟಿಗೇನೇ ಮೊದ್ಲು ಕೇಳಿಂ ಹೇಳ್ತದಲ್ರಾ ಬಾಯೀ. ಮತ್ತೆ ನಾವು ಹೇಳೂದು ಬ್ಯಾಡ್ವಾ?"

ಅಕ್ಕಾ, ಟೇಪಿನಲ್ಲಿ ಧಾರವಾಡದ ಮೇಡಂ ಪ್ರತಿ ಪಟ್ಟಿಯ ಮೊದಲು ಗಂಭೀರವಾಗಿ "ಕೇಳಿ" ಅನ್ನುತ್ತಾರೆ. ಕಿವಿಗೊಟ್ಟು ಕೇಳಿ ಅಂತ. ಮನೆಯಲ್ಲಿ ನಾವು ಬಾಳೆಹಣ್ಣಿಗೆ ಏನನ್ನುತ್ತೇವೆ? ಕೇಳಿಂ. ಆಯಿ ಅದನ್ನೂ ಒಂದು ಶಬ್ದ ಅಂದುಕೊಂಡಳು. ಕೇಳಿದ್ದನ್ನು ಬಿಡದೆ, ಮರೆಯದೆ, ಐದು ಸಲವೂ ಒಪ್ಪಿಸಿದಳು. ಕಾಮಿ, ಬೊಮ್ಮು ಇವರ ಮನೆಮಾತು ಕನ್ನಡ, ಅದಕ್ಕೇ ಅವರು ಅನ್ನಲಿಲ್ಲ. ಅವಳು "ಕೇಳಿಂ" ಅಂದದ್ದನ್ನು "ಬಾಳೆಹಣ್ಣು" ಅಂತ ಬರೆದದ್ದು ನನ್ನ ಕೈ. ಕೊಂಕಣಿಯಲ್ಲೇ ಬರೆದುಕೊಂಡಿದ್ದರೆ ಕಣ್ಣಿಗೆ ಹೊಡೆಯುತ್ತಿತ್ತು. ಅದೇ ಮನೆಯಲ್ಲಿ ಹುಟ್ಟಿ, ಅದೇ ಮಾತಾಡಿ ಬೆಳೆದವಳಿಗೆ ತಿಳಿಯಲಿಲ್ಲ, ನೋಡು.

ನಿನ್ನೆ ಟೇಪು ಬಿಟ್ಟು, "ಕೇಳಿ" ಅನ್ನುವ ಬದಲು ಮೇಜಿಗೆ ಬೆರಳು ಬಡಿದು, ಹೊಸ ಪಟ್ಟಿಗಳನ್ನು ನಾನೇ ಓದಿ ಆಯಿಯನ್ನು ಪರೀಕ್ಷಿಸಿದೆ. ಒಂಬತ್ತು, ಹತ್ತು, ಹತ್ತು, ಒಂಬತ್ತು, ಹನ್ನೊಂದು. ಹೊರಗಿನ ಶಬ್ದ ಒಂದೂ ಇಲ್ಲ. ಕಾಲೇಜಿನ ನನ್ನ ವಿದ್ಯಾರ್ಥಿಗಳೇ ಅಷ್ಟು ಹೇಳುವುದಿಲ್ಲ.

ಕುಣಿಯಬೇಕಿತ್ತು ನಾನು. ಆದರೆ ಮೊದಲಿಗಿಂತ ಹೆಚ್ಚು ಹೆದರಿಕೆಯಾಗುತ್ತಿದೆ. ಯಾಕೆಂದರೆ ಈ ಒಂಬತ್ತು ತಿಂಗಳಲ್ಲಿ ಆಯಿ ಬೇರೆಯೇ ಆಗಿದ್ದಾಳೆ. ಗ್ಯಾಸು ಬಂದ್ ಮಾಡಿದೆನಾ ಅಂತ ನಾಲ್ಕು ಸಲ ಎದ್ದು ನೋಡುತ್ತಾಳೆ. ಸಾರಿಗೆ ಉಪ್ಪು ಹಾಕಿದ ಮೇಲೆ ನನ್ನನ್ನು ಕರೆದು, ನೀನು ನೋಡಿದೆಯಲ್ಲ, ಹಾಕಿದೆನಲ್ಲ ಅನ್ನುತ್ತಾಳೆ. ಮಾತಿನ ನಡುವೆ ಒಂದು ಹೆಸರು ತಡವಾದರೆ ಮುಖ ಬಿಳುಚುತ್ತದೆ, ಮಾತೇ ನಿಲ್ಲಿಸುತ್ತಾಳೆ. ಇದು ರೋಗವೋ, ರೋಗ ಇದೆ ಅಂತ ನಾವು ಹೇಳಿದ್ದರ ಭಯವೋ? ನೆನಪಿನ ಮೇಲೆ ಪ್ರಬಂಧ ಬರೆಯುವವಳಿಗೆ ಗೊತ್ತಾಗುತ್ತಿಲ್ಲ. ಅವಳು ಒಂದೇ ಪ್ರಶ್ನೆಯನ್ನು ಎರಡನೆಯ ಸಲ ಕೇಳಿದರೆ ಈಗಲೂ ಮನಸ್ಸಿನಲ್ಲೇ ಕೆಂಪು ಗುರುತು ಹಾಕುತ್ತೇನೆ.

ಪರೀಕ್ಷೆಯೇ ತಪ್ಪಾಗಿತ್ತು, ನಿನಗೆ ಏನೂ ಆಗಿಲ್ಲ ಅಂತ ಆಯಿಗೆ ಕಾಲು ಹಿಡಿಯುವ ಹಾಗೆ ಹೇಳಿದೆ. ಸಿಟ್ಟಾಗಿ ಎರಡು ಬಾರಿಸಿದ್ದರೆ ಚೆನ್ನಾಗಿತ್ತು. ಬೈಯಲೂ ಇಲ್ಲ. ಆಮೇಲೆ ಕೊಂಕಣಿಯಲ್ಲಿ ಅವಳು ಅಂದದ್ದನ್ನು ಕನ್ನಡದಲ್ಲಿ ಬರೆಯುತ್ತೇನೆ:

"ನಿನ್ನ ಯಂತ್ರ ತಪ್ಪಿರಬಹುದು, ಬಾಯೀ. ಆದ್ರೆ ನನ್ನನ್ನು ನಾನೇ ಕಾವಲು ಕಾದು ಕಾದು ಈಗ ನನಗೇ ನನ್ನ ಭರವಸೆ ಇಲ್ಲ. ಜಯಂತಿಗೆ ಹೇಳು, ಕೂಸನ್ನು ನನ್ನ ಕೈಗೆ ಕೊಡೂದು ಬ್ಯಾಡ."

ದಸರೆಯಲ್ಲಿ ನಡೆದದ್ದೂ ಅವಳ ಮನಸ್ಸಿನಲ್ಲಿದೆ. ಪ್ರೇಕ್ಷಾ ಅವಳನ್ನು ಕಂಡು ಚೀರಿ ನಿನ್ನ ಸೆರಗಿನೊಳಗೆ ಮುಖ ಹುದುಗಿಸಿದಳಲ್ಲ. ನಾವೆಲ್ಲ ನಕ್ಕೆವು, ಹೊಸ ಮುಖ ಅಂತ ಹೆದರಿದೆ ಅಂದೆವು. ಆಯಿ ನಗಲಿಲ್ಲ. ಏಳು ತಿಂಗಳು ದಿನವೂ ಕಾಲ ಮೇಲೆ ಮಲಗಿಸಿ ನೀರು ಹೊಯ್ದವಳ ಮುಖ ಹೊಸತೇ?

ಒಂದು ಉಪಕಾರ ಮಾಡು. ಬರುವ ವಾರ ಪ್ರೇಕ್ಷಾಳನ್ನು ಕರೆದುಕೊಂಡು ಬಂದು ಹದಿನೈದು ದಿನ ಇಲ್ಲೇ ಇರು. ದಿನವೂ ಆಯಿಯೇ ಮೀಯಿಸಲಿ. ಕೂಸು ಅತ್ತರೂ ಎತ್ತಿಕೊಳ್ಳಬೇಡ, ಆಯಿ ಬೇಡವೆಂದರೂ ಬಿಡಬೇಡ. ನೀರನ್ನು ನೀನು ಮುಟ್ಟಿ ನೋಡಲೂ ಬೇಡ, ಅವಳೇ ನೋಡಲಿ. ಗುಳಿಗೆ ನಿಲ್ಲಿಸುವ ಮಾತಿಗೆ ನಾಳೆ ಡಾಕ್ಟರಲ್ಲಿಗೆ ಹೋಗುತ್ತೇನೆ, ಗೈಡ್ ಸರ್‌ಗೂ ಬರೆಯುತ್ತೇನೆ. ಪ್ರಬಂಧ ಹೋದರೆ ಹೋಗಲಿ.

ಆಯಿ ಒಳಗೆ ಬರುತ್ತಿದ್ದಾಳೆ. ಭಾವನಿಗೆ ಗಾಡಿ ನಿಧಾನ ಓಡಿಸಲು ಹೇಳು. ನಿಮ್ಮೆಲ್ಲರನ್ನೂ ದೇವರು ತಣ್ಣಗಿಟ್ಟಿರಲಿ. ಪ್ರೇಕ್ಷಾ ನೂರು ಕಾಲ ಬಾಳಲಿ.

ನಿನ್ನ ತಂಗಿ,
ರಂಜನಾ

ತಾ.ಕ.: ಲಕೋಟೆ ಅಂಟಿಸಿದ್ದೆ, ಮತ್ತೆ ಒಡೆದೆ. ಮೇಲೆ ಒಂದು ಸುಳ್ಳು ಬರೆದಿದ್ದೇನೆ ಅಕ್ಕಾ. ಸುಗಂಧಾ ನನಗೆ ಹೇಳಿದ್ದು ಮೊನ್ನೆ ಅಲ್ಲ, ಮಾರ್ಚಿನಲ್ಲಿ, ಹೋಳಿಯ ಹಿಂದಿನ ದಿನ. ವರದಿ ಆಗಲೇ ಧಾರವಾಡಕ್ಕೆ, ಗೈಡ್ ಸರ್ ಕೈಗೆ, ಹೋಗಿತ್ತು. ಸರ್‌ಗೆ ಹೆದರಿದೆ, ಆಮೇಲೆ ನಿನಗೆ ಹೆದರಿದೆ, ಆಮೇಲೆ ಇಷ್ಟು ದಿನ ಯಾಕೆ ಹೇಳಲಿಲ್ಲ ಅನ್ನುವ ಪ್ರಶ್ನೆಗೇ ಹೆದರಿದೆ. ಹೋಳಿಗೆ ನೀವು ಬಂದಿದ್ದಿರಿ. ಅಂದು ಪ್ರೇಕ್ಷಾಗೆ ಆಯಿಯ ಗುರುತು ಇತ್ತು, ನಗುತ್ತಾ ಎರಡೂ ಕೈ ಚಾಚಿದಳು. ನಾನು ಹೇಳಿಕೊಟ್ಟ ಹಾಗೆ ನೀನು ಅವಳನ್ನು ಹಿಂದಕ್ಕೆ ಎಳೆದುಕೊಂಡೆ. ಎಲ್ಲ ಗೊತ್ತಿದ್ದೂ ನಾನು ಬಾಗಿಲಲ್ಲಿ ನಿಂತು ನೋಡಿದೆ. ಆಯಿಗೆ ಇದನ್ನು ಹೇಳಿಲ್ಲ.