ಒಂದು ಮಷೀನು, ಎರಡು ಬೋರ್ಡು

ಸಣ್ಣ ಉದ್ದಿಮೆ ಮಾರ್ಗದರ್ಶನ ಕಚೇರಿಯ ಮುಖ್ಯಾಧಿಕಾರಿಗಳಿಗೆ,

ಮಾನ್ಯರೇ,

ಕಳೆದ ವಾರ ನಿಮ್ಮ ಕಚೇರಿಯ ಸಹಾಯಕಿಯೊಬ್ಬರು ನನಗೆ ಫೋನ್ ಮಾಡಿದ್ದರು. ಹೊಸ ತಂಡದ ತರಬೇತಿ ಶುರುವಾಗುತ್ತಿದೆಯಂತೆ. ಉದ್ಘಾಟನೆಯ ದಿನ ನಾನು ವೇದಿಕೆಗೆ ಬಂದು ‘ಆರೋಗ್ಯಕರ ಸ್ಪರ್ಧೆ’ ಎಂಬ ವಿಷಯದ ಮೇಲೆ ಸ್ವಲ್ಪ ಹೊತ್ತು ಮಾತಾಡಬೇಕಂತೆ. “ನಿಮ್ಮ ಲಾಂಡ್ರಿ ನಮ್ಮ ಮಾದರಿ ಘಟಕ ಅಲ್ವಾ ಮೇಡಂ, ನಿಮ್ಮಂಥೋರು ಬಂದು ಹೇಳಿದ್ರೆ ಹೊಸಬರಿಗೆ ಧೈರ್ಯ ಬರುತ್ತೆ,” ಎಂದರು. ಬಹಳ ವಿನಯದ ಹುಡುಗಿ. ಆ ಲಾಂಡ್ರಿಯನ್ನು ನಿಮ್ಮ ಕಚೇರಿಯೇ ಮುಚ್ಚಿಸಿ ವರ್ಷದ ಮೇಲಾಯಿತು ಎಂದೆ. ಆ ಕಡೆ ಕಂಪ್ಯೂಟರ್ ಕೀಲಿಗಳನ್ನು ಒತ್ತುವ ಸದ್ದು ಕೇಳಿಸಿತು. ಆಮೇಲೆ, “ಹೌದಾ ಮೇಡಂ? ಇಲ್ಲಿ ಚಾಲ್ತಿಯಲ್ಲಿದೆ ಅಂತ ತೋರಿಸ್ತಾ ಇದೆಯಲ್ಲ,” ಎಂದರು. ಎಲ್ಲಿ ತೋರಿಸುತ್ತಿದೆಯೋ ಅಲ್ಲಿಗೇ ಹೋಗಿ ಬಟ್ಟೆ ಕೊಡಿ ಎಂದು ನನ್ನ ಹಳೆಯ ಗಿರಾಕಿಗಳಿಗೆ ತಿಳಿಸಲೇ ಎಂದು ಕೇಳುವ ಮನಸ್ಸಾಯಿತು. ಕೇಳಲಿಲ್ಲ. ಯೋಚಿಸಿ ಹೇಳುತ್ತೇನೆ ಎಂದು ಫೋನ್ ಇಟ್ಟೆ.

ಕೋಪ ಬರಬೇಕಿತ್ತು, ಬರಲಿಲ್ಲ. ಹಲ್ಲು ಕೀಳಿಸಿಕೊಂಡು ಬಂದ ಮೇಲೆ ದವಡೆ ಮುಟ್ಟಿದರೆ ಬೇರೆ ಯಾರದೋ ದವಡೆ ಮುಟ್ಟಿದ ಹಾಗಿರುತ್ತದಲ್ಲ, ಹಾಗಿತ್ತು. ಕೋಪ ಬಂದಾಗ ಬರೆದ ಪತ್ರಗಳನ್ನು ನಿಮ್ಮ ಕಚೇರಿಗೇ ಕಳಿಸಿದ್ದೆ. ಅವುಗಳಿಗೆ ‘ಪರಿಶೀಲಿಸಲಾಗುತ್ತಿದೆ’ ಎಂಬ ಉತ್ತರ ಬಂದಿತ್ತು. ಇದನ್ನು ಪತ್ರಿಕೆಗೆ ಕಳಿಸುತ್ತಿದ್ದೇನೆ. ಯಾರಾದರೂ ಓದಲಿ, ಪರಿಶೀಲಿಸದಿದ್ದರೂ ಚಿಂತೆಯಿಲ್ಲ.

ನಿಮಗೆ ನನ್ನ ನೆನಪಿರಲಾರದು. ನಿಮ್ಮ ತರಬೇತಿ ಕೋಣೆಯಲ್ಲಿ ಕಿಟಕಿ ಪಕ್ಕದ ಬೆಂಚಿನಲ್ಲಿ ಇಬ್ಬರು ಹೆಂಗಸರು ಕೂರುತ್ತಿದ್ದರು. ಒಬ್ಬಳು ಗಿಡ್ಡ, ಅದು ನಾನು. ಇನ್ನೊಬ್ಬಳು ಎಷ್ಟು ಉದ್ದವೆಂದರೆ ತರಗತಿಯವರೆಲ್ಲ ಅವಳನ್ನು ಏಣಿ ಎಂದೇ ಕರೆಯುತ್ತಿದ್ದರು. ಫ್ಯಾನಿನ ರೆಕ್ಕೆಗೆ ಸಿಕ್ಕಿಕೊಂಡ ಕಾಗದವನ್ನು ಅವಳು ಕುರ್ಚಿ ಹತ್ತದೆಯೇ ತೆಗೆದಾಗ ನೀವೂ ನಕ್ಕಿದ್ದಿರಿ. ನಾವಿಬ್ಬರೂ ಒಂದೇ ಬಡಾವಣೆಯವರು. ಒಂದೇ ಬಸ್ಸಿನಲ್ಲಿ ಬರುತ್ತಿದ್ದೆವು, ಒಂದೇ ಡಬ್ಬಿಯಲ್ಲಿ ಉಣ್ಣುತ್ತಿದ್ದೆವು. ನನ್ನ ಯಜಮಾನರು ಲಾರಿ ಓಡಿಸುತ್ತಾರೆ, ತಿಂಗಳಲ್ಲಿ ಮನೆಯಲ್ಲಿರುವುದೇ ಕಡಿಮೆ. ಅವಳಿಗೆ ಮದುವೆಯಿಲ್ಲ, ಹಿಂದೆ ದರ್ಜಿಯಾಗಿದ್ದು ಕಣ್ಣು ಮಂಜಾದ ಮೇಲೆ ಕತ್ತರಿ ಕೆಳಗಿಟ್ಟ ಅಪ್ಪ ಇದ್ದಾರೆ. ನಿಮ್ಮ ಬೆಂಚು ನಮಗೆ ಉದ್ದಿಮೆಗಿಂತ ಮೊದಲು ಗೆಳೆತನ ಕೊಟ್ಟಿತು. ಆ ಉಪಕಾರವನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ.

ಯೋಜನೆ ಬರೆಯುವುದಕ್ಕೆ ಮುಂಚೆ ನಿಮ್ಮ ಬಡಾವಣೆ ಸುತ್ತಿ, ಜನರಿಗೆ ಏನು ಸಿಗುತ್ತಿಲ್ಲ ಎಂದು ಕೇಳಿಕೊಂಡು ಬನ್ನಿ, ಆ ಕೊರತೆಯೇ ನಿಮ್ಮ ಅವಕಾಶ ಎಂದು ನೀವು ಕಲಿಸಿದಿರಿ. ಇಬ್ಬರೂ ಸುತ್ತಿದೆವು. ಹೊಸ ವಸತಿ ಕಟ್ಟಡಗಳ ಮೆಟ್ಟಿಲು ಹತ್ತಿ ಇಳಿದು ಮಂಡಿ ನೋಯಿಸಿಕೊಂಡೆವು. ಪುಟ್ಟ ಪುಟ್ಟ ಮನೆಗಳು, ಬಾಲ್ಕನಿ ಇಲ್ಲ, ಬಿಸಿಲು ಇಲ್ಲ. ಒದ್ದೆ ಪ್ಯಾಂಟುಗಳು ಊಟದ ಮೇಜಿನ ಕುರ್ಚಿಗಳ ಮೇಲೆ ಕೂತಿದ್ದವು. ಈ ಜನಕ್ಕೆ ಬೇಕಿರುವುದು ಲಾಂಡ್ರಿ ಎಂದು ತಿಳಿಯಲು ದೊಡ್ಡ ಬುದ್ಧಿ ಬೇಕಿರಲಿಲ್ಲ. ಜೊತೆಯಲ್ಲೇ ನಡೆಸುತ್ತೇವೆ ಎಂದು ನಿಮ್ಮ ಬಳಿ ಬಂದೆವು. ನೀವು ಕನ್ನಡಕ ತೆಗೆದು ಒರೆಸುತ್ತಾ, “ಈ ಯೋಜನೆ ಒಬ್ಬೊಬ್ಬರನ್ನ ಅವರವರ ಕಾಲ ಮೇಲೆ ನಿಲ್ಲಿಸೋಕೆ ಇರೋದಮ್ಮ. ಇಬ್ಬರಿಗೆ ಒಂದು ಅರ್ಜಿ ಬರೋದಿಲ್ಲ. ಬೇರೆ ಬೇರೆ ಹಾಕಿ, ಎರಡನ್ನೂ ಮಂಜೂರು ಮಾಡ್ತೀನಿ,” ಎಂದಿರಿ. ಏಣಿ ಹಿಂಜರಿಯುತ್ತಾ, “ಒಂದೇ ಏರಿಯಾದಲ್ಲಿ ಎರಡು ಲಾಂಡ್ರಿ ನಡೆಯುತ್ತಾ ಸರ್?” ಎಂದು ಕೇಳಿದಳು. “ಸ್ಪರ್ಧೆ ಇದ್ರೇನೇ ಮಾರ್ಕೆಟ್ ಬೆಳೆಯೋದು,” ಎಂದು ನೀವು ಸಮಾಧಾನ ಹೇಳಿದಿರಿ. ಇಬ್ಬರಿಗೂ ಒಂದೊಂದು ಮಷೀನು ಮಂಜೂರಾಯಿತು. ಯೋಜನೆಯ ಅವಧಿ ಮುಗಿಯುವವರೆಗೆ ಮಷೀನು ಕಚೇರಿಯ ಆಸ್ತಿ, ಆಮೇಲೆ ನಮ್ಮದು ಎಂಬುದು ಷರತ್ತು. ಬಡಾವಣೆಯಲ್ಲಿ ನೀರು, ಕರೆಂಟು ಎರಡೂ ಇದ್ದ ಖಾಲಿ ಮಳಿಗೆ ಎರಡೇ ಇದ್ದವು, ಅವೂ ಎದುರುಬದುರು. ಹೀಗೆ ಒಂದೇ ಡಬ್ಬಿಯಲ್ಲಿ ಉಂಡವರು ರಸ್ತೆಯ ಆ ಕಡೆ ಒಬ್ಬರು ಈ ಕಡೆ ಒಬ್ಬರು ಬೋರ್ಡು ಹಾಕಿಕೊಂಡು ಕೂತೆವು.

ಮೊದಮೊದಲು ನಗು ಬರುತ್ತಿತ್ತು. ಬೆಳಗ್ಗೆ ಶಟರ್ ಎತ್ತುವಾಗ ಕೈ ಬೀಸುತ್ತಿದ್ದೆವು. ಆಮೇಲೆ ನೀವು ಕಲಿಸಿದ್ದೆಲ್ಲ ಒಂದೊಂದಾಗಿ ನೆನಪಾಗತೊಡಗಿತು. ಅವಳು ಇಸ್ತ್ರಿಯ ದರ ಇಳಿಸಿದಳು, ನಾನೂ ಇಳಿಸಿದೆ. ನಾನು ಮನೆಗೇ ತಲುಪಿಸುತ್ತೇನೆಂದು ಬರೆಸಿದೆ, ಅವಳು ಮನೆಯಿಂದ ತಂದು ಮನೆಗೇ ತಲುಪಿಸುತ್ತೇನೆಂದು ಇನ್ನೂ ದಪ್ಪ ಅಕ್ಷರದಲ್ಲಿ ಬರೆಸಿದಳು. ನಮ್ಮ ರಸ್ತೆಯಲ್ಲಿ ಒಬ್ಬ ನಿವೃತ್ತ ಮೇಷ್ಟರಿದ್ದರು. ಅವರು ಲಾಂಡ್ರಿಗೆ ಹಾಕುತ್ತಿದ್ದುದು ಬನಿಯನ್ನು ಮಾತ್ರ. ರಸ್ತೆಯ ನಟ್ಟನಡುವೆ ನಿಂತು, ಬನಿಯನ್ನಿನ ಗಂಟನ್ನು ಕಂಕುಳಲ್ಲಿಟ್ಟುಕೊಂಡು, “ಇವತ್ತು ಯಾರಮ್ಮ ಕಡಿಮೆ?” ಎಂದು ಕೇಳುತ್ತಿದ್ದರು. ನಾವು ಇಬ್ಬರೂ ಬಾಗಿಲಿಗೆ ಬಂದು ಕೂಗುತ್ತಿದ್ದೆವು. ಗ್ರಾಹಕನೇ ದೊರೆ ಎಂದು ನೀವು ಹೇಳಿದ್ದನ್ನು ಅರ್ಥ ಮಾಡಿಕೊಂಡಿದ್ದವರು ಅವರೊಬ್ಬರೇ. ಕೈ ಬೀಸುವುದು ನಿಂತಿತು, ಮಾತೂ ನಿಂತಿತು. ಏಣಿಯ ಅಪ್ಪ ಮಾತ್ರ ಮಗಳು ಒಳಗೆ ಹೋದಾಗ ನನ್ನತ್ತ ತಿರುಗಿ ಸುಮ್ಮನೆ ಒಮ್ಮೆ ತಲೆ ಆಡಿಸುತ್ತಿದ್ದರು. ಅವರಿಗೆ ನಾನು ಕಾಣುತ್ತಿದ್ದೆನೋ, ನಾನಿರುವ ದಿಕ್ಕು ಮಾತ್ರ ಗೊತ್ತಿತ್ತೋ ತಿಳಿಯದು.

ಹೀಗಿರುವಾಗ ಸರ್ಕಲ್ಲಿನಲ್ಲಿ ಗಾಜಿನ ಲಾಂಡ್ರಿ ಬಂತು. ಊರಿನ ಎಲ್ಲ ಬಡಾವಣೆಗಳಲ್ಲೂ ಅಂಗಡಿ ಇರುವ ದೊಡ್ಡ ಕಂಪನಿ. ಫೋನಿನಲ್ಲಿ ಒತ್ತಿದರೆ ಹಳದಿ ಸ್ಕೂಟರ್ ಬಂದು ಬಟ್ಟೆ ಒಯ್ಯುತ್ತದೆ. ನಾವಿಬ್ಬರೂ ಕಿತ್ತಾಡಿ ಇಳಿಸಿದ್ದ ದರಕ್ಕಿಂತ ಅವರ ಮೊದಲ ದಿನದ ದರವೇ ಕಡಿಮೆ. ರಿಬ್ಬನ್ ಕತ್ತರಿಸಿದ್ದು ಯಾರೆಂದು ನಾನು ಹೇಳಬೇಕಾಗಿಲ್ಲ, ಮಾನ್ಯರೇ. ಆ ಕತ್ತರಿ ನಿಮ್ಮ ಕೈಯಲ್ಲೇ ಇತ್ತು. ಬಂಡವಾಳ ಬಂದರೆ ಬಡಾವಣೆ ಬೆಳೆಯುತ್ತದೆ ಎಂದು ಭಾಷಣ ಮಾಡಿದಿರಿ. ನಾನು ಜನರ ಹಿಂದೆ ನಿಂತು ಕೇಳಿ, ಚಪ್ಪಾಳೆಯನ್ನೂ ತಟ್ಟಿದೆ. ಎಲ್ಲರೂ ತಟ್ಟುತ್ತಿದ್ದರು.

ಆಮೇಲೆ ನಿಮ್ಮನ್ನು ಕಾಣಲು ಬಂದೆ. ಏನು ಮಾಡಲಿ ಎಂದು ಕೇಳಿದೆ. “ಡಿಫರೆಂಟ್ ಆಗಿ ಏನಾದ್ರೂ ಕೊಡಿ. ಅವರು ಕೊಡದೇ ಇರೋದನ್ನ ನೀವು ಕೊಡಿ,” ಎಂದಿರಿ. ನಾನು ಮಡಚಿದ ಬಟ್ಟೆಗೆಲ್ಲ ಸುಗಂಧ ಸಿಂಪಡಿಸಿ ಕಳಿಸಿದೆ. ಒಬ್ಬ ಬ್ಯಾಂಕ್ ಗುಮಾಸ್ತನ ಹೆಂಡತಿ ಶರ್ಟು ಹಿಡಿದುಕೊಂಡು ಬಂದರು. “ನೋಡಮ್ಮ, ಈ ವಾಸನೆಗೆ ನಮ್ಮನೇಲಿ ನಿನ್ನೆಯಿಂದ ಮಾತಿಲ್ಲ ಕತೆಯಿಲ್ಲ. ಲಾಂಡ್ರಿದು ಅಂತ ನಮ್ಮೆಜಮಾನ್ರು ಅಂದ್ರೆ ನಾನು ನಂಬಲೇ ಇಲ್ಲ. ಈಗ ನೀನೇ ಹೇಳು, ಇದು ಲಾಂಡ್ರಿದೇನಾ?” ಎಂದರು. ಲಾಂಡ್ರಿಯದೇ ಎಂದೆ. ಸೀಸೆ ತೋರಿಸಿದೆ, ಮೂಸಿ ನೋಡಿ ನಂಬಿದರು. ಒಂದು ಸಂಸಾರ ಉಳಿಯಿತು, ಗಿರಾಕಿ ಉಳಿಯಲಿಲ್ಲ. ಅವರು ಮರುದಿನದಿಂದ ಹಳದಿ ಸ್ಕೂಟರಿಗೆ ಬಟ್ಟೆ ಹಾಕಿದರು.

ಒಂದು ಮಧ್ಯಾಹ್ನ ಎದುರಂಗಡಿಯ ಸದ್ದು ನಿಂತುಹೋಯಿತು. ಅಷ್ಟು ದಿನ ಆ ಮಷೀನಿನ ಗುರುಗುರು ಕೇಳಿ ಹೊಟ್ಟೆ ಉರಿಯುತ್ತಿದ್ದ ನನಗೆ ಅದು ನಿಂತದ್ದು ತಕ್ಷಣ ಗೊತ್ತಾಯಿತು. ರಿಪೇರಿಗೆ ನಿಮ್ಮ ಕಚೇರಿಗೆ ತಿಳಿಸಿದಳಂತೆ, ಸರದಿಯಲ್ಲಿ ಬರುತ್ತೇವೆ ಎಂದರಂತೆ. ಸಂಜೆಯ ಹೊತ್ತಿಗೆ ಅವಳು ರಸ್ತೆ ದಾಟಿ ಬಂದಳು. ಎರಡೂ ಕೈಯಲ್ಲಿ ಪ್ಲಾಸ್ಟಿಕ್ ಟಬ್ಬು, ಅದರ ತುಂಬ ಸೋಪಿನ ನೀರು ಸೋರುತ್ತಿರುವ ಬೆಡ್‌ಶೀಟುಗಳು. ಬಾಗಿಲಲ್ಲಿ ತಲೆ ತಗ್ಗಿಸಿ ಒಳಗೆ ಬಂದಳು. ಅವಳು ಯಾವ ಬಾಗಿಲಲ್ಲೂ ತಗ್ಗಲೇಬೇಕು, ಆದರೂ ಆ ದಿನ ನೋಡಲು ಕಷ್ಟವಾಯಿತು.

“ನಾಳೆ ಬೆಳಗ್ಗೆ ಕೊಡಬೇಕು ಕಣೇ. ದುಡ್ಡು ಎಷ್ಟಾಗುತ್ತೆ ಹೇಳು,” ಎಂದಳು.

“ಟಬ್ ಕೆಳಗಿಡು ಮೊದಲು. ನೆಲವೆಲ್ಲ ಒದ್ದೆ ಮಾಡ್ತಿದ್ದೀಯ,” ಎಂದೆ.

“ಒರೆಸ್ತೀನಿ ಬಿಡು.”

“ನೀನು ಬಗ್ಗಿ ಒರೆಸೋದ್ರೊಳಗೆ ಬೆಳಗಾಗುತ್ತೆ. ಆ ಕಡೆ ತುದಿ ಹಿಡ್ಕೋ, ಹಿಂಡೋಣ.”

ಅಷ್ಟೇ. ಕ್ಷಮೆ ಕೇಳುವುದು, ಅಳುವುದು ಏನೂ ನಡೆಯಲಿಲ್ಲ. ಬೆಡ್‌ಶೀಟಿನ ಒಂದು ತುದಿ ಅವಳು, ಇನ್ನೊಂದು ತುದಿ ನಾನು ಹಿಡಿದು ಹಿಂಡಿದೆವು. ಅವಳ ತುದಿ ಮೇಲೆ, ನನ್ನದು ಕೆಳಗೆ. ನೀರೆಲ್ಲ ನನ್ನ ಕಾಲ ಮೇಲೆ. ಅವಳು ನಕ್ಕಳು. ನನಗೂ ನಗು ಬಂತು.

ಮಾರನೆಯ ದಿನದಿಂದ ನಾವು ಲಾಂಡ್ರಿ ನಡೆಸಿದೆವು, ಮಾನ್ಯರೇ. ಅದಕ್ಕೆ ಮುಂಚೆ ನಡೆಸುತ್ತಿದ್ದುದು ಜಗಳ. ಒಗೆಯುವುದು ನನ್ನ ಅಂಗಡಿಯಲ್ಲಿ, ಇಸ್ತ್ರಿ ಅವಳ ಅಂಗಡಿಯಲ್ಲಿ. ಯಾರ ಗಿರಾಕಿಯ ಬಟ್ಟೆ ಎಂದು ತಿಳಿಯಲು ನನ್ನವಕ್ಕೆ ಕೆಂಪು ದಾರ, ಅವಳವಕ್ಕೆ ನೀಲಿ ದಾರ ಕಟ್ಟುತ್ತಿದ್ದೆವು. ಅವಳ ಅಪ್ಪ ಎರಡೂ ಅಂಗಡಿಯ ಬಟ್ಟೆ ಮಡಚುತ್ತಿದ್ದರು. ಅವರಿಗೆ ದಾರದ ಬಣ್ಣ ಕಾಣುತ್ತಿರಲಿಲ್ಲವಾದ್ದರಿಂದ ಕೆಲವು ಸಲ ಒಬ್ಬರ ಲುಂಗಿ ಇನ್ನೊಬ್ಬರ ಮನೆ ಸೇರಿ ಬೈಸಿಕೊಂಡದ್ದೂ ಉಂಟು. ದರ ಸ್ವಲ್ಪ ಏರಿಸಿದೆವು, ಯಾರೂ ಬಿಟ್ಟು ಹೋಗಲಿಲ್ಲ. ಹಳದಿ ಸ್ಕೂಟರಿಗೆ ಹೋಗಿದ್ದ ಕೆಲವರು ವಾಪಸು ಬಂದರು. ಬನಿಯನ್ ಮೇಷ್ಟರು ರಸ್ತೆ ಮಧ್ಯೆ ನಿಂತು ಕೇಳಿದಾಗ ಇಬ್ಬರೂ ಒಂದೇ ದರ ಹೇಳಿದೆವು. “ಇದೇನ್ರಮ್ಮ, ಒಂದಾಗಿಬಿಟ್ರಾ? ನನಗೆ ಟೈಂಪಾಸೇ ಇಲ್ಲದಂಗಾಯ್ತು,” ಎಂದು ಬೇಜಾರು ಮಾಡಿಕೊಂಡು ಗಂಟು ಕೊಟ್ಟು ಹೋದರು. ಗಾಜಿನ ಲಾಂಡ್ರಿಯ ಮುಂದೆ ನಾವು ಉಳಿದೇ ಉಳಿಯುತ್ತಿದ್ದೆವು ಎಂದು ನಾನು ಹೇಳಲಾರೆ. ಮುಳುಗುತ್ತಿದ್ದೆವೋ ಏನೋ. ಮುಳುಗಿ ನೋಡುವ ಅವಕಾಶ ನಮಗೆ ಸಿಗಲಿಲ್ಲ ಎಂಬುದು ಮಾತ್ರ ನಿಜ.

ಏಕೆಂದರೆ ನಿಮ್ಮ ಪರಿವೀಕ್ಷಕರು ಬಂದರು. ಕೆಟ್ಟ ಮನುಷ್ಯರೇನಲ್ಲ. ಏಣಿಯ ಕೆಟ್ಟ ಮಷೀನು ನೋಡಿದರು, ನನ್ನ ಅಂಗಡಿಗೆ ಬಂದರು, ತಿರುಗುತ್ತಿದ್ದ ಮಷೀನು ನಿಲ್ಲಿಸಿ ಬಾಗಿಲು ತೆಗೆಸಿದರು. ಒಳಗೆ ಕೆಂಪು ದಾರ, ನೀಲಿ ದಾರ ಎಲ್ಲ ಒಂದಕ್ಕೊಂದು ಹೆಣೆದುಕೊಂಡಿದ್ದವು. “ಈ ಘಟಕ ಯಾರದು?” ಎಂದರು. “ಇಬ್ಬರದೂ,” ಎಂದಳು ಏಣಿ. “ಹಾಗನ್ಬೇಡಿ ಅಕ್ಕ, ಹಾಗಂದ್ರೆ ಬರ್ಕೋಬೇಕಾಗುತ್ತೆ,” ಎಂದರು ಅವರು. ಅವಳು ಮತ್ತೆ ಹಾಗೇ ಅಂದಳು. ಅವರು ಬರೆದುಕೊಂಡರು.

ನಿಮ್ಮ ಕೋಣೆಯಲ್ಲಿ ಆ ದಿನ ನೀವು ಆಡಿದ ಮಾತು ನನಗೆ ಬಾಯಿಪಾಠವಾಗಿದೆ. “ನೀವಿಬ್ರೂ ಪ್ರತಿಸ್ಪರ್ಧಿಗಳು ಅಂತಲೇ ಮಂಜೂರಾಗಿರೋದು. ಹೀಗೆ ಒಳಗೊಳಗೇ ಸೇರ್ಕೊಂಡು ದರ ಏರಿಸಿದ್ರೆ ಗ್ರಾಹಕನ ಗತಿ ಏನು?” ಎಂದಿರಿ. ಗ್ರಾಹಕನ ಬಗ್ಗೆ ನಿಮಗೆ ಅಷ್ಟು ಕಳಕಳಿ ಇರುವುದು ಸಂತೋಷ. ಆದರೆ ಊರಿನ ಎಲ್ಲ ಬಡಾವಣೆಗಳ ಗಾಜಿನ ಅಂಗಡಿಗಳು ಒಬ್ಬನೇ ಮಾಲೀಕನವಲ್ಲವೇ? ಅವು ಪರಸ್ಪರ ಪೈಪೋಟಿ ಮಾಡುತ್ತಿವೆಯೇ ಎಂದು ಯಾವ ಪರಿವೀಕ್ಷಕರು ಬಾಗಿಲು ತೆಗೆಸಿ ನೋಡಿದರು? ದೊಡ್ಡವರು ಸೇರಿದರೆ ಅದಕ್ಕೆ ವಿಸ್ತರಣೆ ಎಂಬ ಹೆಸರು, ಇಬ್ಬರು ಹೆಂಗಸರು ಒಂದು ಬೆಡ್‌ಶೀಟು ಹಿಂಡಿದರೆ ಒಳಒಪ್ಪಂದವೇ? ಈ ಪ್ರಶ್ನೆಗಳು ಆ ದಿನ ನನಗೆ ಹೊಳೆಯಲಿಲ್ಲ. ಹೊಳೆದಿದ್ದರೂ ಕೇಳುತ್ತಿದ್ದೆನೆಂದು ಹೇಳಲಾರೆ. ನಿಮ್ಮ ಮೇಜಿನ ಮೇಲೆ ಗಾಜು ಹಾಸಿತ್ತು, ಅದರಲ್ಲಿ ಫ್ಯಾನು ತಿರುಗುವುದು ಕಾಣುತ್ತಿತ್ತು. ಅದನ್ನೇ ನೋಡುತ್ತಿದ್ದೆ.

ಇಬ್ಬರ ಮಂಜೂರಾತಿಯೂ ರದ್ದಾಯಿತು. ಎರಡು ಮಷೀನುಗಳನ್ನೂ ಒಂದೇ ಟೆಂಪೋದಲ್ಲಿ ಅಕ್ಕಪಕ್ಕ ನಿಲ್ಲಿಸಿ, ಒಂದೇ ಹಗ್ಗ ಬಿಗಿದು ಒಯ್ದರು. ಅರ್ಧ ಒಗೆದ ಬಟ್ಟೆ ಉಳಿದಿತ್ತು. ಅವನ್ನು ಕೈಯಲ್ಲೇ ಒಗೆದು, ಒಣಗಿಸಿ, ಮನೆಮನೆಗೆ ಮುಟ್ಟಿಸಿ ಬಂದೆವು. ಏಣಿಯ ಅಪ್ಪ ಮಡಚುವ ಮೇಜಿನ ಮುಂದೆ ಕೂತೇ ಇದ್ದರು. “ಮುಂದಿನದು ತನ್ನಿ,” ಎಂದರು. ಏಣಿ, “ಆಯ್ತಪ್ಪ, ಇವತ್ತಿಗೆ ಇಷ್ಟೇ,” ಎಂದಳು. ಇವತ್ತಿಗೆ ಎಂದದ್ದು ಅವರ ಸಮಾಧಾನಕ್ಕೋ ತನ್ನದಕ್ಕೋ ನಾನು ಕೇಳಲಿಲ್ಲ.

ಈಗ ನಾನು ಒಂದು ವಸತಿಗೃಹದ ಹಿಂಭಾಗದಲ್ಲಿ ಹಾಸಿಗೆ ಬಟ್ಟೆ ಎಣಿಸುವ ಕೆಲಸದಲ್ಲಿದ್ದೇನೆ. ಏಣಿ ಗಾಜಿನ ಲಾಂಡ್ರಿಯ ಕೌಂಟರಿನಲ್ಲಿದ್ದಾಳೆ. ಅವಳ ಅಳತೆಯ ಹಳದಿ ಅಂಗಿ ಅವರಲ್ಲಿ ಇರಲಿಲ್ಲವಂತೆ, ತೋಳು ಮೊಣಕೈವರೆಗೇ ಬರುತ್ತದೆ. ಬಸ್ಸಿನಿಂದ ಇಳಿದು ಮನೆಗೆ ಹೋಗುವಾಗ ಗಾಜಿನಾಚೆ ಅವಳು ಕಾಣುತ್ತಾಳೆ. ಗಿರಾಕಿ ಇಲ್ಲದಿದ್ದರೆ ಕೈ ಎತ್ತುತ್ತಾಳೆ. ನನಗೆ ದುಃಖವಾಗುತ್ತದೆಯೇ ಎಂದು ಯಜಮಾನರು ಒಮ್ಮೆ ಕೇಳಿದರು. ಸ್ವಲ್ಪ ಹುಡುಕಿ ನೋಡಿ, ಇಲ್ಲ ಎಂದೆ.

ನಿಮ್ಮ ವೇದಿಕೆಗೆ ನಾನು ಬರುವುದಿಲ್ಲ. ಮಾದರಿ ಘಟಕವೆಂದು ತೋರಿಸುತ್ತಿರುವ ನನ್ನ ಹೆಸರನ್ನು ತೆಗೆದರೆ ಒಳ್ಳೆಯದು, ತೆಗೆಯದಿದ್ದರೆ ಇನ್ನೊಮ್ಮೆ ಫೋನ್ ಬರುತ್ತದೆ, ಅಷ್ಟೇ. ನಾನು ಕೇಳುವುದು ಬೇರೆ. ಮಷೀನು ವಾಪಸು ಕೇಳುತ್ತಿಲ್ಲ, ಪರಿಹಾರ ಕೇಳುತ್ತಿಲ್ಲ. ಹೊಸ ತಂಡದವರಿಗೆ ಕೊಡುವ ಅರ್ಜಿಯ ಕೊನೆಯಲ್ಲಿ ‘ಅರ್ಜಿದಾರರ ಸಹಿ’ ಎಂದು ಒಂದು ಗೆರೆ ಇದೆಯಲ್ಲ, ಅದರ ಕೆಳಗೆ ಇನ್ನೊಂದು ಗೆರೆ ಹಾಕಿಸಿ. ಬೇಕಾದವರು ತುಂಬಲಿ, ಬೇಡದವರು ಖಾಲಿ ಬಿಡಲಿ. ಅದಕ್ಕೆ ಬಂಡವಾಳ ಬೇಡ, ರಿಬ್ಬನ್ ಬೇಡ, ಭಾಷಣವೂ ಬೇಡ. ತರಬೇತಿ ಶುರುವಾಗುವ ಮುಂಚೆ ಹಾಕಿಸಿ.

ಈ ಪತ್ರವನ್ನು ಕಳಿಸುವ ಮುಂಚೆ ಏಣಿಗೆ ಓದಿ ಹೇಳಿದೆ. ಪೂರ್ತಿ ಕೇಳಿಸಿಕೊಂಡಳು. ಇಬ್ಬರೂ ಸಹಿ ಮಾಡೋಣ ಎಂದೆ. ತನ್ನ ಹಳದಿ ಅಂಗಿಯ ಗಿಡ್ಡ ತೋಳನ್ನು ಎಳೆದುಕೊಳ್ಳುತ್ತಾ, “ನನ್ನದು ಬೇಡ ಕಣೇ. ಅಲ್ಲಿ ಕೆಲಸದಲ್ಲಿದ್ದೀನಿ, ಅಪ್ಪನ ನೋಡ್ಕೋಬೇಕು. ನೀನೊಬ್ಳೇ ಮಾಡು,” ಎಂದಳು.

ಇಂತಿ,
ನಿಮ್ಮ ನಿಯಮಕ್ಕೆ ತಕ್ಕಂತೆ ಒಬ್ಬಳೇ ಸಹಿ ಮಾಡಿರುವ,
ಮುಚ್ಚಿದ ಲಾಂಡ್ರಿಯ ಅರ್ಧ ಒಡತಿ