ಪಾರ್ಕ್‌ಲ್ಯಾಂಡ್ಸಿನಲ್ಲಿ ಟೀ ಸುಂಕ

ಪಾರ್ಕ್‌ಲ್ಯಾಂಡ್ಸ್, ನೈರೋಬಿ
೧೪ ಜೂನ್ ೨೦೧೬

ಪ್ರೀತಿಯ ತಂಗಿ ಇಂದುವಿಗೆ,

ನಿನ್ನ ಮಂಡಿನೋವು ಹೇಗಿದೆ? ಎಣ್ಣೆ ಹಚ್ಚುತ್ತಿದ್ದೀಯೋ, ಶೀಶೆಯನ್ನು ಕಪಾಟಿನಲ್ಲಿ ಅಲಂಕಾರಕ್ಕೆ ಇಟ್ಟಿದ್ದೀಯೋ? ನಾನು ಸೌಖ್ಯ. ಹಾಗಂತ ನಾನು ಹೇಳುತ್ತೇನೆ, ಸೊಸೆ ಪ್ರಗತಿ ಒಪ್ಪುವುದಿಲ್ಲ. ಸಕ್ಕರೆ ಕಾಯಿಲೆಯ ರಕ್ತ ಪರೀಕ್ಷೆ ಮಾಡಿಸುವವರೆಗೆ ಮಾವನಿಗೆ ಟೀ ಇಲ್ಲ ಎಂದು ಅವಳ ಕಟ್ಟಪ್ಪಣೆ. ಹುಟ್ಟಾ ಕಾಫಿಯವನಾದ ನನಗೆ ಈ ದೇಶದ ಟೀ ರುಚಿ ಹತ್ತಿಸಿದವಳೂ ಅವಳೇ, ನೋಡು. ಪರೀಕ್ಷೆಗೆ 'ಮುಂದಿನ ವಾರ' ಎನ್ನುತ್ತ ಬಂದೆ. ಟೀಯನ್ನು ಗೇಟಿನ ಗಾರ್ಡ್ ಲಾರೆನ್ಸನ ಗೂಡಿನಲ್ಲಿ ಕುಡಿಯುತ್ತ ಬಂದೆ. "ಕರಿಬು, ಬಾಬು", ಅಂದರೆ 'ಬನ್ನಿ ತಾತ', ಎಂದು ಕರೆದು, ಹಾಲಿನಲ್ಲೇ ಕುದಿಸಿ, ಧಾರಾಳವಾಗಿ ಸಕ್ಕರೆ ಸುರಿದು ಕೊಡುತ್ತಾನೆ, ಪುಣ್ಯಾತ್ಮ.

ಈ ನಡುವೆ ಮೊಮ್ಮಗಳು ಮಧುರಾಗೆ ಇತಿಹಾಸದ ಪರೀಕ್ಷೆ ಬಂತು. ಇಲ್ಲಿ ಇಂಗ್ಲೆಂಡಿನ ಪಠ್ಯ. ಹದಿನೆಂಟನೇ ಶತಮಾನದ ಕೊನೆಯಲ್ಲಿ ಪಿಟ್ ಎಂಬ ಪ್ರಧಾನಿ ಸರ್ಕಾರದ ಹಣಕಾಸನ್ನು ಸರಿಪಡಿಸಿದ ಪಾಠ. ನಾನೂ ಬಿ.ಎ.ಯಲ್ಲಿ ಓದಿದ್ದೇ ತಾನೆ? 'ಪಿಟ್ ದಿ ಯಂಗರ್ ವಾಸ್ ಎ ಗ್ರೇಟ್ ಫೈನಾನ್ಷಿಯರ್, ಬಿಕಾಸ್...' ಅಲ್ಲಿಗೆ ನಿಂತುಹೋಗುತ್ತದೆ. ಆದರೂ ಹೇಳಿಕೊಡಲು ಕುಳಿತೆ. ಇಪ್ಪತ್ನಾಲ್ಕಕ್ಕೇ ಪ್ರಧಾನಿಯಾದನಂತೆ, ಆ ವಯಸ್ಸಿನಲ್ಲಿ ನನ್ನ ಮಗರಾಯ ಸಾಕ್ಸ್ ಹುಡುಕುತ್ತಿದ್ದ. ಆ ಕಾಲದಲ್ಲಿ ಕೆಲಸವಿಲ್ಲದೆ ಸಂಬಳ ತಿನ್ನುವ ಹುದ್ದೆಗಳನ್ನು ಕಡಿಮೆ ಮಾಡಿದರು ಎಂದು ಓದಿದ ಹುಡುಗಿ ತಲೆಯೆತ್ತಿ, "ಲೈಕ್ ಯೂ, ತಾತ?" ಅಂದಳು. ಅಧಿಕಪ್ರಸಂಗಿ.

ಮುಂದಿನದು ಟೀ. ಆಗ ಟೀ ಮೇಲೆ ನೂರಕ್ಕೆ ನೂರನ್ನೂ ಮೀರಿದ ಸುಂಕ, ಹಾಗಾಗಿ ಎಲ್ಲೆಲ್ಲೂ ಕಳ್ಳಸಾಗಣೆ. ಪಿಟ್ ಅದನ್ನು ಹನ್ನೆರಡೂವರೆಗೆ ಇಳಿಸಿದ, ಕಳ್ಳರ ವ್ಯಾಪಾರ ಬಿತ್ತು. ನನಗೆ ಆವೇಶವೇ ಬಂತು, ಇಂದು. ಮನೆಯಲ್ಲಿ ಟೀ ಸಿಗದವನು ಗೇಟಿಗೆ ಹೋಗದೆ ಏನು ಮಾಡುತ್ತಾನೆ ಎಂದು ಉದಾಹರಣೆ ಸಮೇತ ವಿವರಿಸಿಬಿಟ್ಟೆ. ಅಡುಗೆಮನೆಯಲ್ಲಿ ಮಿಕ್ಸಿ ನಿಂತಿತು. "ಗೇಟಲ್ಲಾ ಮಾವ? ಅದೂ ಸಕ್ಕರೆ ಹಾಕಿ?" ಎಂದು ಪ್ರಗತಿ ಬಾಗಿಲಿಗೆ ಬಂದಳು.

ಸಿಕ್ಕಿಬಿದ್ದವನು ಇನ್ನೇನು ಮಾಡಲಿ, ನೀನೂ ಸುಂಕ ಇಳಿಸಮ್ಮಾ ಎಂದು ವಾದಿಸಿದೆ. ಒಪ್ಪಿಬಿಟ್ಟಳು! ದಿನಕ್ಕೆ ಎರಡು ಲೋಟ, ಸಕ್ಕರೆಯಿಲ್ಲದೆ. ಗೆದ್ದೆನೆಂದು ಕಾಲು ಚಾಚುವಷ್ಟರಲ್ಲಿ ಮಧುರಾ ಪುಟ ತಿರುಗಿಸಿ, "ವೇಟ್ ಮಮ್ಮಿ, ಹೀ ರೇಸ್ಡ್ ದಿ ವಿಂಡೋ ಟ್ಯಾಕ್ಸ್" ಅಂದಳು. ಟೀಯಲ್ಲಿ ಬಿಟ್ಟುಕೊಟ್ಟದ್ದನ್ನು ಮನೆಮನೆಯ ಕಿಟಕಿ ಎಣಿಸಿ ವಸೂಲು ಮಾಡಿದನಂತೆ, ಮಹಾನುಭಾವ! "ಹಾಗಾದ್ರೆ ನಿಮ್ಮ ಕಿಟಕಿ ತೆರಿಗೆ ಸೋಮವಾರ ಬೆಳಿಗ್ಗೆ ಎಂಟಕ್ಕೆ, ಲ್ಯಾಬಲ್ಲಿ" ಎಂದು ಸೊಸೆ ಅಲ್ಲೇ ಫೋನ್ ಮಾಡಿ ಹೊತ್ತು ಗೊತ್ತುಮಾಡಿದಳು.

ನಿನ್ನ ಯಜಮಾನರಿಗೆ ನಮಸ್ಕಾರ, ಮಕ್ಕಳಿಗೆ ಆಶೀರ್ವಾದ. ಎಲ್ಲರೂ ನಗುನಗುತ್ತ ಇರಿ, ನನ್ನನ್ನು ನೆನೆದು ಮಾತ್ರ ನಗಬೇಡಿ.

ನಿನ್ನ ಅಣ್ಣ,
ದ್ವಾರಕಾನಾಥ್

ಇನ್ನೊಂದು ಮಾತು: ಫೋನಿನಲ್ಲಿ ಹೇಳಿದರೆ ಈ ಫ್ಲಾಟಿನಲ್ಲಿ ಎಲ್ಲರಿಗೂ ಕೇಳುತ್ತದೆಂದು, ನಾಳೆ ಮೈಸೂರಿಗೆ ಹೊರಟಿರುವ ಪಕ್ಕದ ಮನೆಯ ಆಂಥನಿಯವರ ಕೈಲಿ ಇದನ್ನು ಕಳಿಸುತ್ತಿದ್ದೇನೆ. ನಿನ್ನ ಅತ್ತಿಗೆ ಕಮಲಾಳನ್ನೂ ಬರೀ ರಕ್ತ ಪರೀಕ್ಷೆಗೆಂದೇ ಕರೆದುಕೊಂಡು ಹೋಗಿದ್ದೆ. ಆಮೇಲೆ ಅವಳು ಮನೆಗೆ ಬರಲಿಲ್ಲ. ಆಸ್ಪತ್ರೆಯ ಆ ವಾಸನೆ ಬಂದರೆ ಇಂದಿಗೂ ಕಾಲು ಮುಂದಕ್ಕೆ ಹೋಗುವುದಿಲ್ಲ. ಪ್ರಗತಿಗೆ ಹೇಳಲು ನಾಚಿಕೆ. ಸೋಮವಾರ ಇಲ್ಲಿ ಎಂಟೆಂದರೆ ನಿನಗೆ ಹತ್ತೂವರೆ. ಫೋನ್ ಮಾಡು. ಧೈರ್ಯ ಗೀರ್ಯ ಹೇಳಬೇಡ. ಸೂಜಿ ತೆಗೆಯುವವರೆಗೂ ನಿನ್ನ ಓರಗಿತ್ತಿಯ ಮೇಲೆ ಚಾಡಿ ಹೇಳುತ್ತಿರು, ಸಾಕು.