ಹಸಿರು ಬಾಗಿಲು

ಗುರುವಾರ, ಮಧ್ಯಾಹ್ನ

ನನ್ನ ಮುದ್ದಿನ ತಂಗೀ,

ಅಕ್ಷರ ಸೊಟ್ಟಗಿದ್ದರೆ ನಗಬೇಡ, ಮೊದಲೇ ಹೇಳಿಬಿಟ್ಟಿದ್ದೇನೆ. ಅಂಚೆ ಕಚೇರಿಯ ಬೆಂಚಿನ ಮೇಲೆ ಕೂತು, ತೊಡೆಯ ಮೇಲೆ ಚೀಲ ಇಟ್ಟುಕೊಂಡು ಬರೆಯುತ್ತಿದ್ದೇನೆ. ಕಾರ್ಖಾನೆಯಲ್ಲಿ ಬರೆದರೆ ನಮ್ಮ ತಮ್ಮ ಹೆಗಲ ಮೇಲಿಂದ ಇಣುಕುತ್ತಾನೆ, ಮನೆಯಲ್ಲಿ ಬರೆದರೆ ನಿನ್ನ ಮಗಳು. ಇವತ್ತು ಅವನು ಆಸ್ಪತ್ರೆಯ ಹಾಸಿಗೆ ಆರ್ಡರಿಗೆ ಸಹಿ ಹಾಕಿಸಿಕೊಳ್ಳಲು ಬೆಳಿಗ್ಗೆಯೇ ಹೋಗಿದ್ದಾನೆ, ಸಂಜೆಯವರೆಗೆ ಬರುವುದಿಲ್ಲ. ಅದಕ್ಕೇ ಈ ಧೈರ್ಯ.

ವಿಷಯ ಇಷ್ಟೇ. ಗುಬ್ಬಿಯನ್ನು ನಿನ್ನ ಹತ್ತಿರ ಕರೆಸಿಕೋ. ಮೊಣಕಾಲು ನೋವು ಅನ್ನು, ತಲೆಸುತ್ತು ಅನ್ನು, ನೆಪ ಹುಡುಕುವುದರಲ್ಲಿ ನೀನು ಚಿಕ್ಕಂದಿನಿಂದಲೂ ಎತ್ತಿದ ಕೈ. ನಾನೇ ಹೇಳಿ ನೋಡಿದೆ, ನಾಲ್ಕು ದಿನ ಅಮ್ಮನ ಜೊತೆ ಇದ್ದು ಬಾರೇ ಅಂತ. "ಆಸ್ಪತ್ರೆ ಆರ್ಡರ್ ಮುಗೀಲಿ ದೊಡ್ಡಮ್ಮಾ, ನಾನಿಲ್ದಿದ್ರೆ ಹಿಂದಿನ ಸಾಲು ಕುಂಟುತ್ತೆ" ಅಂದಳು. ಜಂಬ ನೋಡು! ನಿನ್ನ ಮಗಳಲ್ಲವೇ.

ಯಾಕೆ ಕರೆಸಿಕೊಳ್ಳಬೇಕು ಎಂದು ಕೇಳುತ್ತೀಯ. ಫೋನ್ ಮಾಡಿದ್ದರೆ ಮೊದಲ ಉಸಿರಿಗೇ ನೀನು ಕೇಳುತ್ತಿದ್ದೆ. ಆದ್ದರಿಂದಲೇ ಕಾಗದ. ಇದು ನಿನಗೆ ತಲುಪುವುದು ತಡವಾಗುತ್ತದೆ ಅಂತ ನನಗೂ ಗೊತ್ತು, ಬೈಯಬೇಡ.

ಕಾರ್ಖಾನೆ ಸುಧಾರಿಸಲು ನೀನು ಹುಡುಕಿಕೊಟ್ಟ ಸಲಹೆಗಾರ್ತಿಗೆ ಇಲ್ಲಿ ಎಲ್ಲರೂ ಇಟ್ಟಿರುವ ಹೆಸರು ಯಾಕಮ್ಮ. ಬಾಯಿ ತೆರೆದರೆ "ಯಾಕೆ?" ಸ್ಪಂಜು ಯಾಕೆ ಅಲ್ಲಿದೆ, ಗೋಂದಿನ ಡಬ್ಬ ಯಾಕೆ ಇಲ್ಲಿದೆ, ಈ ಹೆಂಗಸು ಯಾಕೆ ಮೂರು ಸಲ ಎದ್ದು ಹೋದಳು. ಮೊದಲ ದಿನ ನನಗೆ ಮೈಯೆಲ್ಲ ಉರಿದುಹೋಯಿತು. ಆದರೆ ಹೆಂಗಸು ಕೆಟ್ಟವಳಲ್ಲ ಕಣೇ. ಎಲ್ಲ ತೊಂದರೆಯನ್ನೂ ಸರಿಮಾಡಿ ಎಂದು ತಮ್ಮ ಹೇಳಿದ್ದಕ್ಕೆ, ಒಂದನ್ನು ಆರಿಸಿಕೊಳ್ಳಿ ಅಂದಳು. ಮಾಲು ತಡವಾಗಿ ಹೋಗುವುದೇ ಆ ಒಂದು ತೊಂದರೆ ಅಂತ ನಾನೂ ತಮ್ಮನೂ ಒಪ್ಪಿದೆವು. ಆಮೇಲೆ ಆಕೆ ಹೇಳಿದ ಮಾತು ನನ್ನ ಕಿವಿಯಲ್ಲೇ ಕೂತಿದೆ: "ಹಾಸಿಗೆ ಬಗ್ಗೆ ನನಗೆ ಗೊತ್ತಿರೋದು ಮಲಗೋದು ಮಾತ್ರ. ಉಳಿದಿದ್ದು ನೀವು ಹೇಳ್ಬೇಕು. ನೀವು ಹೇಳಿದ್ರ ಮೇಲೇ ನಾನು ಕಟ್ಟೋದು. ಸುಳ್ಳು ಹೇಳಿದ್ರೆ ಕುಸಿಯೋದು ನನ್ನ ಮನೆ ಅಲ್ಲ."

ನಾವು ಮಾಡಿದ್ದೇನು ಗೊತ್ತೇ? ನೆಂಟರು ಬರುತ್ತಾರೆ ಅಂತ ಕೊಳಕು ಬಟ್ಟೆಯನ್ನು ಮಂಚದ ಕೆಳಗೆ ತಳ್ಳುವ ಹಾಗೆ, ಆಕೆ ಬರುವ ಹಿಂದಿನ ದಿನವಿಡೀ ಕಾರ್ಖಾನೆಯನ್ನು ಸಿಂಗರಿಸಿದೆವು. ಕೆಟ್ಟ ಯಂತ್ರಕ್ಕೆ ಹೊದಿಕೆ ಹೊದೆಸಿದ್ದಾಯಿತು. ಹಿಂದುಗಡೆಯ ಸಣ್ಣ ಬಾಗಿಲಿಗೆ ತಮ್ಮ ಹೊಸ ಹಸಿರು ಬಣ್ಣ ಹೊಡೆಸಿ, ಮೇಲೆ ಬಾಣದ ಗುರುತಿನ ಫಲಕ ಹಾಕಿಸಿದ. ದುಡ್ಡು ಕೊಟ್ಟು ಕರೆಸಿದ ವೈದ್ಯರ ಮುಂದೆ ಕೆಮ್ಮು ತಡೆದುಕೊಂಡು ಕೂತವರು ನಾವೇ ಇರಬೇಕು! ಕೆಲಸದವರ ಜೊತೆ ಒಬ್ಬಳೇ ಮಾತಾಡಬೇಕು ಎಂದು ಆಕೆ ಕೇಳಿದರೆ, ತಮ್ಮ ಅದೇ ಕೋಣೆಯ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂತ. ಯಾರು ಬಾಯಿ ಬಿಡುತ್ತಾರೆ?

ಈಗ ಆ ಹಸಿರು ಬಾಗಿಲಿನ ವಿಷಯ. ಹಿಂದಿನ ಓಣಿಯನ್ನು ಪಕ್ಕದ ಗೋದಾಮಿನವರು ಕೊಂಡುಕೊಂಡರಲ್ಲ, ಅವರು ನಮ್ಮ ಬಾಗಿಲಿಗೆ ಅಂಟಿಸಿಯೇ ಗೋಡೆ ಎಬ್ಬಿಸಿದ್ದಾರೆ. ಬಾಗಿಲಿದೆ, ಚಿಲಕವಿದೆ, ಬೀಗವಿದೆ. ಆಚೆ ಇಟ್ಟಿಗೆ. ಇದು ತಮ್ಮನಿಗೆ ಗೊತ್ತು, ನನಗೆ ಗೊತ್ತು. ಹೊಲಿಯುವ ಹೆಂಗಸರೆಲ್ಲ ಆಮೇಲೆ ಸೇರಿದವರು, ಅವರಿಗೆ ಗೊತ್ತಿಲ್ಲ.

ಯಾಕಮ್ಮ ಅದನ್ನೂ ಕೇಳಿದಳು. "ಇದು ತೆಗೆಯುತ್ತಾ?" ಅನ್ನುತ್ತ ಕೈ ಚಾಚಿದಳು. "ಹಸಿ ಬಣ್ಣ ಮೇಡಂ, ಬಟ್ಟೆಗೆ ಅಂಟುತ್ತೆ. ತೆಗೀದೆ ಏನು, ಬೀಗದ ಕೈ ಅಕ್ಕನ ಹತ್ರಾನೇ ಇದೆ" ಅಂದ ತಮ್ಮ. ಇಬ್ಬರೂ ನನ್ನ ಕಡೆ ನೋಡಿದರು. ನಾನು ಬಾಯಿಬಿಟ್ಟು ಒಂದು ಮಾತೂ ಆಡಲಿಲ್ಲ, ನಿನ್ನಾಣೆ. ಸೊಂಟದಲ್ಲಿದ್ದ ಬೀಗದ ಕೈ ಗೊಂಚಲನ್ನು ಒಮ್ಮೆ ಅಲ್ಲಾಡಿಸಿದೆ. ಆಕೆ ತಲೆಯಾಡಿಸಿ ಮುಂದೆ ಹೋದಳು.

ಆ ಸದ್ದಿನ ಮೇಲೆ ಆಕೆ ಇಡೀ ಯೋಜನೆ ಕಟ್ಟಿದ್ದಾಳೆ. ಮುಂಚೆ ಹೊಲಿಗೆಯವರು ಶಟರ್ ಪಕ್ಕ ಇದ್ದರು, ಸ್ಪಂಜಿನ ರಾಶಿ ಹಿಂದೆ. ಪ್ರತಿ ಸಲ ಸ್ಪಂಜು ಹೊತ್ತು ತರುವವರಿಗೆ ದಾರಿ ಬಿಡಲು ಹೊಲಿಗೆ ನಿಲ್ಲುತ್ತಿತ್ತು. ಈಗ ತಿರುಗುಮುರುಗು. ಲಾರಿ ನಿಲ್ಲುವ ಕಡೆಯೇ ಸ್ಪಂಜು, ಅದರ ಪಕ್ಕ ಬಿಸಿ ತಂತಿಯಲ್ಲಿ ಸ್ಪಂಜು ಕೊಯ್ಯುವ ಯಂತ್ರ, ಗೋಂದು. ಹೊಲಿಗೆಯವರೆಲ್ಲ ಹಿಂದೆ, ಹಸಿರು ಬಾಗಿಲಿನ ಹತ್ತಿರ. ಏನಾದರೂ ಆದರೆ ಅವರಿಗೆ ಅದೇ ದಾರಿ ಅಂತ ಆಕೆ ನಕ್ಷೆಯಲ್ಲಿ ಗೆರೆ ಎಳೆದು ತೋರಿಸಿದಳು. ತಮ್ಮ ಭೇಷ್ ಅಂದ.

ಕೆಲಸ ಮಾತ್ರ ನೀರು ಹರಿದ ಹಾಗೆ ಸಾಗುತ್ತಿದೆ, ಸುಳ್ಳು ಹೇಳಬಾರದು. ಹೇಳಿದ ದಿನಕ್ಕೆ ಮಾಲು ಹೋಗುತ್ತಿದೆ, ಬೈಗುಳದ ಫೋನುಗಳು ನಿಂತಿವೆ. ಆಸ್ಪತ್ರೆಯವರು ಬಂದದ್ದೂ ಇದನ್ನು ಕೇಳಿಯೇ. ಗುಬ್ಬಿಯನ್ನು ಹಿಂದಿನ ಸಾಲಿಗೆ ಮೇಲ್ವಿಚಾರಕಿ ಮಾಡಿದ್ದೂ ಯಾಕಮ್ಮನ ಸಲಹೆ. ಹುಡುಗಿ ಎರಡು ಇಂಚು ಎತ್ತರ ಆಗಿದ್ದಾಳೆ.

ಇದರ ಮೇಲೆ ತಮ್ಮ ತನ್ನ ಬುದ್ಧಿಯನ್ನೂ ಸೇರಿಸಿದ. ಯಂತ್ರದವರು ಚಹಾಕ್ಕೆ ಅಂತ ಹೊರಗೆ ಹೋಗಿ ಹರಟುತ್ತಾರೆ ಅಂತ, ಕೆಲಸದ ಹೊತ್ತಿನಲ್ಲಿ ಮುಂದಿನ ಶಟರ್ ಇಳಿಸಿ ಒಳಗಿನಿಂದ ಬೀಗ. ಊಟವೂ ಒಳಗೇ. ಲಾರಿ ಬಂದರೆ ನಾನು ತೆಗೆಯಬೇಕು. ಇನ್ನೊಂದು ಬೀಗದ ಕೈ ಅವನ ಜೇಬಿನಲ್ಲಿ. ಇದನ್ನು ಯಾಕಮ್ಮನಿಗೆ ಹೇಳಿಲ್ಲ, ಹೇಳಿದರೆ ಕುಣಿದಾಡುತ್ತಾಳೆ.

ಹೋದ ವಾರ ಆ ಬಿಸಿ ತಂತಿಯಿಂದ ಒಂದು ಕಿಡಿ ಹಾರಿತು. ದೊಡ್ಡದೇನಲ್ಲ, ಎರಡು ಬಕೆಟ್ ನೀರಿಗೆ ಆರಿತು. ಆದರೆ ಸ್ಪಂಜಿನ ಹೊಗೆ ನೀನು ನೋಡಿಲ್ಲ ತಂಗೀ, ಕಪ್ಪಗೆ, ದಪ್ಪಗೆ, ಕಣ್ಣು ಬಿಡಲಾಗದು. ಹಿಂದಿನ ಸಾಲಿನವರು ಎದ್ದು ನಿಂತರು. ಗುಬ್ಬಿ ಎಲ್ಲರನ್ನೂ ಹಸಿರು ಬಾಗಿಲ ಮುಂದೆ ಸಾಲಾಗಿ ನಿಲ್ಲಿಸಿ, ತಾನು ಚಿಲಕದ ಮೇಲೆ ಕೈಯಿಟ್ಟುಕೊಂಡು ನನ್ನ ಕಡೆಗೇ ನೋಡುತ್ತಿದ್ದಳು. ಅಷ್ಟರಲ್ಲಿ ಆರಿತು. ಎಲ್ಲರೂ ನಕ್ಕರು, ನಾನೂ ನಕ್ಕೆ.

ಮಾರನೆಯ ದಿನ ಅವಳು ಹೊಲಿಗೆ ಯಂತ್ರದ ಎಣ್ಣೆ ಹಿಡಿದುಕೊಂಡು ಬಂದಳು. "ದೊಡ್ಡಮ್ಮಾ, ಬೀಗದ ಕೈ ಕೊಡಿ. ಹಸಿರು ಬಾಗಿಲು ಬಿಗಿಯಾಗಿದೆ, ಎಣ್ಣೆ ಬಿಡ್ತೀನಿ." ನಾನೇ ಬಿಡುತ್ತೇನೆ ಹೋಗು ಅಂದೆ. ಎಣ್ಣೆ ಈಗಲೂ ನನ್ನ ಮೇಜಿನ ಮೇಲಿದೆ. ದಿನಾ ಕೇಳುತ್ತಾಳೆ, ಬಿಟ್ರಾ ದೊಡ್ಡಮ್ಮಾ ಅಂತ.

ತಮ್ಮನ ಹತ್ತಿರ ಹೇಳಿದೆ. ಸೋಮವಾರ ಯಾಕಮ್ಮ ಕೊನೆಯ ಸಲ ಬರುತ್ತಾಳೆ, ನಿಜ ಹೇಳಿಬಿಡೋಣ, ನಕ್ಷೆ ಬದಲಾಯಿಸಲಿ ಅಂತ. "ಈಗ ಹೇಳಿದ್ರೆ ಎಲ್ಲಾ ನಿಲ್ಲಿಸಿ ಅಂತಾಳೆ. ಆರ್ಡರ್ ಕೈಬಿಟ್ಟು ಹೋಗುತ್ತೆ. ಇದೊಂದು ಮುಗೀಲಿ ಅಕ್ಕಾ, ನಾನೇ ಗೋಡೆ ಒಡೆಸಿ ದಾರಿ ಮಾಡ್ತೀನಿ" ಅಂದ. ಅವನ ಮುಖ ನೋಡಿದರೆ ಪಾಪ ಅನಿಸಿತು. ಹೂಂ ಅಂದೆ.

ಅದಕ್ಕೇ ಗುಬ್ಬಿಯನ್ನು ಕರೆಸಿಕೋ ಅನ್ನುತ್ತಿರುವುದು. ಉಳಿದ ಹೆಂಗಸರು? ನೀನು ಕೇಳುತ್ತೀಯ ಅಂತ ಗೊತ್ತು. ಅವರಿಗೂ ಅಮ್ಮಂದಿರಿದ್ದಾರೆ, ಮಕ್ಕಳಿದ್ದಾರೆ. ಅವರ ಹೆಸರಿಗೆ ಕಾಗದ ಬರೆಯಲು ನನಗೆ ಕೈ ಬರುತ್ತಿಲ್ಲ. ಸೋಮವಾರ ಹೇಳುತ್ತೇನೆ. ತಮ್ಮ ಎಷ್ಟೇ ಕಣ್ಣು ಕೆಂಪಗೆ ಮಾಡಲಿ, ಹೇಳಿಯೇ ಹೇಳುತ್ತೇನೆ. ಈ ನಾಲ್ಕು ದಿನ ಸುಸೂತ್ರವಾಗಿ ಕಳೆದರೆ ಸಾಕು.

ಒಂದು ವಿಷಯ ಮರೆಯಬೇಡ, ಗುಬ್ಬಿಗೆ ಕಾರಣ ಹೇಳಬೇಡ. ಅವಳ ಕಣ್ಣಲ್ಲಿ ನಾನು ದೊಡ್ಡವಳಾಗಿಯೇ ಇರಬೇಕು.

ನಿನ್ನ ದಾರಿ ಕಾಯುವ,
ಅಕ್ಕ

ಮರೆತ ಮಾತು: ಅಂಚೆ ಚೀಟಿಗೆ ಚಿಲ್ಲರೆ ತೆಗೆಯಲು ಹೋದರೆ ಸೊಂಟದಲ್ಲಿ ಗೊಂಚಲು ಕೈಗೆ ತಗುಲಿತು, ಶಟರ್ ಬೀಗದ ಕೈಯೂ ಅದರಲ್ಲೇ ಇದೆ. ನಾನು ಹೊರಗೆ ಹೋಗುವಾಗೆಲ್ಲ ಶಟರ್ ತೆರೆದೇ ಬಿಟ್ಟು, ಅದರ ಬೀಗದ ಕೈಯೊಂದನ್ನು ಮಾತ್ರ ಗೊಂಚಲಿನಿಂದ ಬಿಡಿಸಿ ಗುಬ್ಬಿಯ ಕೈಗೆ ಕೊಟ್ಟು ಬರುವವಳು. ಇವತ್ತು ಈ ಕಾಗದದ ಗುಂಗಿನಲ್ಲಿ ಹೊರಗಿನಿಂದ ಶಟರ್ ಎಳೆದು ಬೀಗ ಹಾಕಿಕೊಂಡು ಬಂದುಬಿಟ್ಟಿದ್ದೇನೆ. ಬರುವಾಗ ಕೊಯ್ಯುವ ಯಂತ್ರ ಓಡುತ್ತಿತ್ತು. ಒಳಗೆ ಎಲ್ಲರೂ ಇದ್ದಾರೆ. ಹಸಿರು ಬಾಗಿಲಿನ ದಾರಿ ಇದೆ ಅಂತಲೇ ಗುಬ್ಬಿ ನಂಬಿದ್ದಾಳೆ. ಕಾಗದವನ್ನು ಇಲ್ಲಿನವರ ಕೈಗೆ ಕೊಟ್ಟು ಓಡುತ್ತಿದ್ದೇನೆ ತಂಗೀ.